ಮೊದಲ ಸೋಮವಾರದ ನೀರು

ಸರ್ ತೀರಿಕೊಂಡು ಹದಿನೈದು ದಿನವಾದ ಮೇಲೆ ಕಾಲೇಜಿನಿಂದ ಫೋನ್ ಬಂತು. ಸ್ಮರಣ ಸಂಚಿಕೆ ತರುತ್ತಿದ್ದಾರಂತೆ, ಅವರ ಸಂಶೋಧನಾ ಪ್ರಬಂಧಗಳ ಪಟ್ಟಿ ಬೇಕಂತೆ. ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವರಲ್ಲಿ ನಾನೇ ಕೊನೆಯವಳು. ಪಟ್ಟಿ ನನ್ನಲ್ಲಿತ್ತು, ಕಳಿಸಿದೆ. ಮರುದಿನ ಮತ್ತೆ ಫೋನ್. ಒಂದು ಪ್ರಬಂಧದ ಮುಂದೆ ‘ಲೇಖಕರೇ ಹಿಂಪಡೆದದ್ದು’ ಎಂದಿದೆಯಲ್ಲ, ಆ ಸಾಲು ತೆಗೆದುಬಿಡೋಣವೇ, ನೋಡಿದವರು ಏನಾದರೂ ಅಂದುಕೊಂಡಾರು ಎಂದು ಕೇಳಿದರು. ಬೇಡ, ಇರಲಿ ಎಂದೆ. ಯಾಕೆ ಎಂದರು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಹಾಗೆಂದು ಸಂಚಿಕೆಗೆ ಕೊಡುವಂಥದ್ದೂ ಅಲ್ಲ. ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ಅವರ ಹೆಸರನ್ನೂ ನೀರಿನ ಕೆಲಸ ನಡೆದ ಊರಿನ ಹೆಸರನ್ನೂ ಬರೆಯುವುದಿಲ್ಲ.

ಅವರು ಪರಿಸರ ರಸಾಯನಶಾಸ್ತ್ರದವರು. ಗಾಳಿಯಲ್ಲಿ, ನೀರಿನಲ್ಲಿ ಸೇರುವ ಹೊಲಸನ್ನು ಕಡಿಮೆ ಖರ್ಚಿನಲ್ಲಿ ತೆಗೆಯುವುದು ಹೇಗೆ ಎಂದು ಹುಡುಕುವುದರಲ್ಲೇ ಅವರ ನೌಕರಿ ಪೂರ್ತಿ ಕಳೆಯಿತು. ಹುಟ್ಟಿದ್ದು ಮಟಕಿಯಲ್ಲಿ, ಮನೆ ಮಾಡಿದ್ದು ಆಳಂದದಲ್ಲಿ. ಕಲಬುರಗಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಹತ್ತಿದ ಕೂಡಲೇ ನಿದ್ದೆ. ಕಡಗಂಚಿಗೆ ಬಸ್ಸು ನಿಂತಾಗ ಎಚ್ಚರವಾಗಿ, ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಕಿಟಕಿಯ ಸರಳನ್ನು ಒಮ್ಮೆ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ಇಟ್ಟುಕೊಳ್ಳುತ್ತಿದ್ದರು. ಕರವಸ್ತ್ರದ ಬಣ್ಣ ತಿಂಗಳಿಗೊಂದು ಬಗೆ. ತೊಗರಿ ರಾಶಿಯ ಕಾಲಕ್ಕೆ ಹಳದಿಗಪ್ಪು, ಬೇಸಿಗೆಗೆ ಕರಿಮಣ್ಣಿನದು. ಮನೆಯಲ್ಲಿ ಅದನ್ನು ಒಗೆಯುವವರು ಏನೆನ್ನುತ್ತಾರೆ ಎಂದು ಪ್ರಯೋಗಾಲಯದ ಅಟೆಂಡರ್ ಒಮ್ಮೆ ಕೇಳಿದ್ದ. ತಾವೇ ಒಗೆದುಕೊಳ್ಳುವುದಾಗಿ ಸರ್ ಹೇಳಿದರು.

ಆ ಅಟೆಂಡರನಿಗೆ ಸರ್ ಜೊತೆ ಇಪ್ಪತ್ತು ವರ್ಷದ ಸಲಿಗೆ. ನಾನು ಸೇರುವ ಮೊದಲಿನ ಕಥೆಗಳೆಲ್ಲ ಅವನು ಹೇಳಿದ್ದೇ. ಅವರ ನಡುವಯಸ್ಸಿನ ಬಹುಭಾಗ ಬೇಳೆ ಮಿಲ್ಲುಗಳ ಧೂಳಿಗೆ ಹೋಗಿತ್ತು. ತೊಗರಿ ಸುರಿಯುವ ಬಾಯಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟರೆ ಕೂಲಿಯವರ ಮೂಗಿಗೆ ಹೋಗುವ ಧೂಳು ಎಷ್ಟೋ ಕಡಿಮೆಯಾಗುತ್ತದೆ ಎಂದು ಕಂಡುಕೊಂಡು, ಒಂದು ಮಿಲ್ಲಿನಲ್ಲಿ ತಾವೇ ನಿಂತು ಕಟ್ಟಿಸಿ ಬಂದರಂತೆ. ಎಂಟನೆಯ ದಿನ ಹೋದಾಗ ಗೋಣಿತಟ್ಟು ಮಿಲ್ಲಿನ ಬಾಗಿಲಲ್ಲಿ ಕಾಲೊರೆಸಲು ಹಾಸಿತ್ತು. ಹಸಿ ತಾಗಿ ಬೇಳೆಯ ಬಣ್ಣ ಕೆಡುತ್ತದೆ ಎಂದು ಮಾಲೀಕರು ಬಿಚ್ಚಿಸಿದ್ದರು. ಸರ್ ಅದರ ಮೇಲೆ ಕಾಲೊರೆಸಿ ಒಳಗೆ ಹೋಗಿ, ಮಾಲೀಕರು ಕೊಟ್ಟ ಚಹಾ ಕುಡಿದು ಹಿಂದಿರುಗಿದರು. ದಾರಿಯಲ್ಲಿ ಅಟೆಂಡರನಿಗೆ, “ನನ್ನ ಸಂಶೋಧನಿ ಬಾಳಿಕಿ ಎಂಟ್ ದಿನ ಅದ, ಬರಕೋ” ಎಂದರಂತೆ. ಆಮೇಲೆ ಏನು ಕೆಟ್ಟರೂ ಅದೇ ಮಾತು. ಪ್ರಯೋಗಾಲಯದ ಫ್ರಿಜ್ ಕೆಟ್ಟರೂ, ಕಾಲೇಜಿನವರು ಹೊಸ ನಿಯಮ ತಂದರೂ, “ಎಂಟ್ ದಿನ” ಎನ್ನುತ್ತಿದ್ದರು.

ನನಗೆ ಅವರು ಕಲಿಸಿದ ಮೊದಲ ಪಾಠ ಬಾಟಲಿ ತೊಳೆಯುವುದು. ಯಾವ ನೀರಿನ ಮಾದರಿ ತೆಗೆಯುತ್ತೇವೋ ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು, ನಾಲ್ಕನೆಯ ಸಲ ತುಂಬಬೇಕು. ಈ ನಿಯಮ ಎಲ್ಲ ಪುಸ್ತಕದಲ್ಲೂ ಇದೆ. ಆದರೆ ಅವರು ತೊಳೆಯುವುದು ನೋಡಬೇಕಿತ್ತು. ಪ್ರತಿ ಸಲವೂ ಮುಚ್ಚಳ ಹಾಕಿ, ಬಾಟಲಿಯನ್ನು ಉರುಳಿಸಿ, ಕಿವಿಯ ಬಳಿ ಹಿಡಿದು ಅಲುಗಿಸಿ, ಆಮೇಲೆ ಚೆಲ್ಲುತ್ತಿದ್ದರು. ಮದುಮಗಳಿಗೆ ಎಣ್ಣೆ ಹಚ್ಚಿ ಎರೆಯುವುದಕ್ಕೂ ಇಷ್ಟು ಹೊತ್ತು ಹಿಡಿಯುವುದಿಲ್ಲ ಎಂದು ಅಟೆಂಡರ್ ಗೊಣಗುತ್ತಿದ್ದ.

ಗಾಣಗಾಪುರದ ಸಂಗಮದಲ್ಲಿ ಒಮ್ಮೆ ಹೀಗೇ ತೊಳೆಯುತ್ತಿದ್ದಾಗ, ಸ್ನಾನ ಮುಗಿಸಿದ ಹಿರಿಯರೊಬ್ಬರು ತಂಬಿಗೆ ಹಿಡಿದು ಪಕ್ಕಕ್ಕೆ ಬಂದು ನಿಂತರು. ನದಿಯ ನೀರಿನಲ್ಲಿ ಏನು ಹುಡುಕುತ್ತೀರಿ, ಏನಾದರೂ ಸಿಕ್ಕರೆ ನಾವು ತೀರ್ಥ ತಗೋಬಾರದೇ ಎಂದು ಸ್ವಲ್ಪ ಕೆಣಕುವ ಹಾಗೆಯೇ ಕೇಳಿದರು. ಸರ್ ತಲೆ ಎತ್ತದೆ, “ನನ್ನ ಬಾಟಲ್ಯಾಗ ಇರೋದು ನೀರ್ರಿ ಅಜ್ಜಾರ. ನಿಮ್ಮ ತಂಬಿಗ್ಯಾಗ ಇರೋದು ತೀರ್ಥ. ನನ್ನ ಮಷೀನಿಗಿ ತೀರ್ಥ ತಿಳಿಯಂಗಿಲ್ಲ” ಎಂದರು. ಹಿರಿಯರು ನಕ್ಕು, ಹೋಗುವಾಗ ಅವರ ಕೈಗೊಂದು ಪೇಡೆ ಇಟ್ಟು ಹೋದರು. ಸರ್ ಅದನ್ನು ಎರಡು ಮಾಡಿ ಅರ್ಧ ನನಗೆ ಕೊಟ್ಟರು. ಯಾರ ಮನಸ್ಸನ್ನೂ ನೋಯಿಸದೆ ತಮ್ಮ ಕೆಲಸ ಮುಗಿಸಿಕೊಂಡು ಬರುವುದು ಅವರಿಗೆ ಗೊತ್ತಿತ್ತು. ಮುಂದೆ ನಡೆದುದಕ್ಕೂ ಈ ಗುಣಕ್ಕೂ ಸಂಬಂಧವಿದೆ ಎಂದು ನನಗೆ ಈಗ ಅನ್ನಿಸುತ್ತದೆ.

ನಾನು ಸೇರಿದ ವರ್ಷ ಅವರು ಜೇವರ್ಗಿ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ನೀರಿನ ಕೆಲಸ ಶುರು ಮಾಡಿದ್ದರು. ಅಲ್ಲಿಯ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಮಂಡಿ ಮಡಚಲು ಬಾರದು. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಸರ್ ಮಾಡಿದ್ದು ಸರಳವಾದ ಫಿಲ್ಟರ್. ಎರಡು ಮಣ್ಣಿನ ಗಡಿಗೆ, ಒಂದರ ಮೇಲೊಂದು. ತೊಗರಿ ಕಟ್ಟಿಗೆಯನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಸುಟ್ಟು ಮಾಡಿದ ಇದ್ದಿಲನ್ನು ಪಟಿಕದ ನೀರಿನಲ್ಲಿ ನೆನೆಸಿ ಒಣಗಿಸಿ ಮೇಲಿನ ಗಡಿಗೆಗೆ ತುಂಬಿದ್ದು. ಬೋರಿನ ನೀರು ಅದರ ಮೂಲಕ ತೊಟ್ಟಿಕ್ಕಿ ಕೆಳಗಿನ ಗಡಿಗೆಗೆ ಬೀಳುತ್ತದೆ, ಅದಕ್ಕೊಂದು ನಳ. ಪ್ರಯೋಗಾಲಯದ ಲೆಕ್ಕದಂತೆ ಒಮ್ಮೆ ತುಂಬಿದ ಇದ್ದಿಲು ಒಂದು ವರ್ಷ ಬಾಳಬೇಕು. ಒಂದೇ ಓಣಿಯ ಎಂಟು ಮನೆಗಳಿಗೆ ಕೊಟ್ಟೆವು. ಪ್ರತಿ ತಿಂಗಳ ಮೊದಲ ಸೋಮವಾರ ಹೋಗಿ, ಬೋರಿನದೊಂದು, ಕೆಳಗಿನ ಗಡಿಗೆಯದೊಂದು ಬಾಟಲಿ ತುಂಬಿಕೊಂಡು ಬರುವುದು ನಮ್ಮ ಕೆಲಸ.

ಓಣಿಯ ಮೊದಲ ಮನೆಯ ಹೆಂಗಸನ್ನು ಊರೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಸರ್‌ಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಸೊಸೆಯೊಂದಿಗೆ ಉರ್ದು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಎಂಟು ಮನೆಗಳನ್ನು ಒಪ್ಪಿಸಿದವರು ಅವರೇ. ಇದ್ದಿಲಿನ ನೀರೆಂದು ಮೂಗು ಮುರಿದ ನೆರೆಯವರಿಗೆ, ಕುಡಿಯದಿದ್ದರೆ ನಿಮ್ಮ ಮಕ್ಕಳ ಹಲ್ಲು ನೋಡಿಕೊಳ್ಳಿ ಎಂದು ಬೈದು ಕುಡಿಸಿದ್ದರು.

ಪ್ರತಿ ಮನೆಯಲ್ಲೂ ಸರ್ ಮೊದಲು ಕೆಳಗಿನ ಗಡಿಗೆಯಿಂದ ಒಂದು ಲೋಟ ನೀರು ಕುಡಿಯುತ್ತಿದ್ದರು. ಆಮೇಲೆಯೇ ಬಾಟಲಿ. ಬಿಸಿಲಲ್ಲಿ ಎಂಟು ಲೋಟ ಹೆಚ್ಚೇನಲ್ಲ, ಆದರೆ ಚಳಿಗಾಲದಲ್ಲೂ ಬಿಡುತ್ತಿರಲಿಲ್ಲ. ತಾನು ಕುಡಿಯಲಾರದ ನೀರನ್ನು ಇನ್ನೊಬ್ಬರಿಗೆ ಕುಡಿಯಿರಿ ಎನ್ನಲು ಬಾರದು ಎನ್ನುತ್ತಿದ್ದರು.

ಫಲಿತಾಂಶ ಚೆನ್ನಾಗಿ ಬಂತು, ನಮ್ಮ ನಿರೀಕ್ಷೆಗಿಂತ ಚೆನ್ನಾಗಿ. ತಿಂಗಳ ಮೇಲೆ ತಿಂಗಳು, ಎಂಟೂ ಮನೆಯ ಕೆಳಗಿನ ಗಡಿಗೆಯಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಎರಡು ವರ್ಷದ ಅಂಕಿಗಳನ್ನಿಟ್ಟು ಸರ್ ಪ್ರಬಂಧ ಬರೆದರು, ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಆಧಾರದ ಮೇಲೆ ಇನ್ನಷ್ಟು ಊರುಗಳಿಗೆ ಫಿಲ್ಟರ್ ಕೊಡುವ ಯೋಜನೆ ಮಂಜೂರಾಗುವುದರಲ್ಲಿತ್ತು. ನನ್ನ ಮಹಾಪ್ರಬಂಧದ ಮುಖ್ಯ ಅಧ್ಯಾಯವೂ ಅದೇ. ಆ ದಿನಗಳಲ್ಲಿ ಅವರು “ಎಂಟ್ ದಿನ” ಎನ್ನುವುದನ್ನು ಬಿಟ್ಟಿದ್ದರು.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಫ್ಲೋರೈಡ್ ಜೊತೆಗೆ ನೀರಿನ ಗಡಸುತನವನ್ನೂ ನಾನು ಅಳೆಯುತ್ತಿದ್ದೆ. ಅದೂ ಕೆಳಗಿನ ಗಡಿಗೆಯಲ್ಲಿ ಇಳಿದಿರುತ್ತಿತ್ತು. ನಮ್ಮ ಇದ್ದಿಲು ಫ್ಲೋರೈಡನ್ನು ಹಿಡಿಯಬಲ್ಲದು, ಗಡಸುತನವನ್ನು ಇಷ್ಟೊಂದು ತೆಗೆಯಲಾರದು. ಮೊದಲ ವರ್ಷದ ದೀಪಾವಳಿ ಕಳೆದ ಮೇಲೆ ನೋಟ್‌ಬುಕ್ಕಿನ ಆ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಕೇಳಲಿಲ್ಲ. ಅವರು ಸಂತೋಷವಾಗಿದ್ದರು. ನನಗೂ ಬೇಗ ಮುಗಿಸಿ ಅಫಜಲಪುರದ ಮನೆಗೆ ಒಂದು ನೌಕರಿಯ ಸುದ್ದಿ ಒಯ್ಯಬೇಕಿತ್ತು.

ಮೂರನೆಯ ವರ್ಷದ ಒಂದು ಮೊದಲ ಸೋಮವಾರ ಖಾಲಾ ನಮ್ಮನ್ನು ಕಂಡೊಡನೆ ಎದ್ದು ಬಂದರು. ಮುಖದಲ್ಲಿ ಸಂಕೋಚ. ಇವತ್ತು ನೀರು ಬೇಡ, ಚಹಾ ಮಾಡುತ್ತೇನೆ ಎಂದರು. ಮಗ ಸಂಬಂಧಿಕರ ಮದುವೆಗೆ ಹೋಗಿದ್ದಾನೆ, ಕ್ಯಾನ್ ತಂದಿಲ್ಲ ಎಂದರು.

“ಯಾವ ಕ್ಯಾನ್ ಖಾಲಾ?” ಎಂದು ಸರ್ ಕೇಳಿದರು.

“ಅದರಿ, ರೋಡಿನ ಮ್ಯಾಲಿನ ಊರಾಗ ಮಷೀನಿನ ನೀರು ಸಿಗ್ತದಲ್ಲ, ಅದು. ನೀವು ಬರೋ ಮುಂಚಿನ ದಿನ ಮಗ ಆಟೋದಾಗ ತರ್ತಾನ. ಎಂಟೂ ಮನಿಗಿ ಹಂಚ್ತೇನಿ.”

“ಎಲ್ಲಿ ಹಾಕ್ತೀರಿ ಅದನ್ನ?”

ಖಾಲಾ ಕೆಳಗಿನ ಗಡಿಗೆಯ ಹೊಟ್ಟೆಯನ್ನು ತಟ್ಟಿದರು. “ಇದರಾಗ. ಇದ್ದದ್ದು ಚೆಲ್ಲಿ, ತೊಳದು, ಇದರಾಗ ತುಂಬ್ತೇವಿ. ನೀವು ಇದರಾಗಿಂದ ಕುಡೀತೀರಿ. ಮನಿಗಿ ಬಂದವರಿಗಿ ಆ ಬೂದಿ ವಾಸನಿ ನೀರು ಕೊಡ್ತಾರೇನ್ರಿ ಸಾಬ್ರ? ನಾವು ದಿನಾ ಅದನ್ನ ಕುಡೀತೇವಿ, ನಮಗ ರೂಢಿ ಆಗ್ಯಾದ. ನಿಮಗ್ಯಾಕ?”

ಯಾವಾಗಿನಿಂದ ಎಂದು ಸರ್ ಕೇಳಿದರು. ಮೊದಲ ಸೋಮವಾರದಿಂದ ಎಂದರು ಖಾಲಾ. ಮಳೆಗಾಲದಲ್ಲಿ ರಸ್ತೆ ಕೆಟ್ಟಾಗಲೂ ತಪ್ಪಿಸಿಲ್ಲ, ಈ ಸಲ ಒಂದೇ ತಪ್ಪಿದ್ದು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದರು.

ನಾನು ನೋಟ್‌ಬುಕ್ ಮುಚ್ಚಿದೆ. ಅದರಲ್ಲಿದ್ದುದೆಲ್ಲ ರಸ್ತೆಬದಿಯ ಶುದ್ಧೀಕರಣ ಯಂತ್ರದ ನೀರಿನ ಅಂಕಿಗಳು. ಸರ್ ಕೈಯಲ್ಲಿ ಖಾಲಿ ಲೋಟ ಹಿಡಿದು ಗಡಿಗೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ, “ಇವತ್ತ ಗಡಿಗ್ಯಾಗ ಇದ್ದದ್ದೇ ಕೊಡ್ರಿ. ಬಿಸಲಾಗ ಬಂದೇನಿ, ಬಾಯಿ ಒಣಗ್ಯಾದ” ಎಂದರು. ಖಾಲಾ ಬೇಡವೆಂದರೂ ಕೇಳದೆ ತಾವೇ ನಳ ತಿರುಗಿಸಿ, ಪೂರ್ತಿ ಕುಡಿದು, ಲೋಟ ಇಟ್ಟರು. ನಂತರ ಎಂದಿನಂತೆ ಬಾಟಲಿಯನ್ನು ಮೂರು ಸಲ ತೊಳೆದರು. ಎಂಟೂ ಮನೆಯಲ್ಲಿ ಹಾಗೇ ಮಾಡಿದರು. ಮರುದಿನ ನೋಡಿದಾಗ ಆ ಎಂಟು ಬಾಟಲಿಗೂ ಬೋರಿನ ಬಾಟಲಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇದ್ದಿಲು ಯಾವಾಗಲೋ ಸೋತಿತ್ತು. ಪ್ರಯೋಗಾಲಯದಲ್ಲಿ ನಾವು ಶುದ್ಧ ನೀರಿಗೆ ಫ್ಲೋರೈಡ್ ಬೆರೆಸಿ ಲೆಕ್ಕ ಹಾಕಿದ್ದೆವು. ಬೋರಿನ ನೀರಿನಲ್ಲಿದ್ದ ಬೇರೆ ಲವಣಗಳೆಲ್ಲ ಸೇರಿ ಇದ್ದಿಲನ್ನು ಬೇಗ ತಿಂದುಹಾಕಿದ್ದವು. ಆ ಮನೆಗಳವರು ನಮ್ಮ ಮಾತು ನಂಬಿ, ಎರಡು ವರ್ಷದಲ್ಲಿ ಬಹುಪಾಲು ದಿನ ಕೆಟ್ಟ ನೀರನ್ನೇ ಒಳ್ಳೆಯದೆಂದು ಕುಡಿದಿದ್ದರು.

ಆ ಸೋಮವಾರ ಹಿಂದಿರುಗುವ ಬಸ್ಸಿನಲ್ಲಿ ಅವರು ನಿದ್ದೆ ಮಾಡಲಿಲ್ಲ. ಗಡಸುತನದ ನೋಟ್‌ಬುಕ್ ಕೇಳಿ ತೆಗೆದುಕೊಂಡು, ಒಂದೊಂದೇ ಹಾಳೆ ತಿರುವಿ, ಪೆನ್ಸಿಲಿನ ಗುರುತಿನ ಮೇಲೆ ಬೆರಳಿಟ್ಟರು.

“ಇದು ನಿಂದೇನು ತಂಗಿ?”

ಹೌದು ಎಂದೆ. ಯಾವಾಗ ಹಾಕಿದ್ದು ಎಂದರು. ಹೇಳಿದೆ.

“ಕೇಳಬೇಕಿತ್ತಲ್ಲ.”

“ಹೌದು ಸರ್.”

ಜೇವರ್ಗಿ ದಾಟಿ, ಭೀಮಾ ನದಿಯ ಸೇತುವೆಯೂ ದಾಟಿದ ಮೇಲೆ ನೋಟ್‌ಬುಕ್ ಹಿಂದಿರುಗಿಸಿದರು. “ನಾನೂ ನೋಡಿದ್ದೆ ಇದನ್ನ. ಬೋರಿನ ನೀರು ಇಷ್ಟು ಸಿಹಿ ಆಗಂಗಿಲ್ಲಂತ ನಾಲಿಗೀಗೂ ತಿಳಿದಿತ್ತು. ನಮ್ಮ ಇದ್ದಿಲಿನ ಗುಣ ಅಂದ್ಕೊಂಡೆ. ಆ ಗುರ್ತು ಅಳಸಬ್ಯಾಡ, ಇರಲಿ” ಎಂದರು. ಅವರು ನನ್ನನ್ನು ಬೈದದ್ದು ಅಷ್ಟೇ. ಅದು ಬೈಗುಳವೂ ಅಲ್ಲ. ಆದರೆ ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ.

ಮುಂದಿನ ವಾರ ಸರ್ ಎಂಟೂ ಮನೆಯವರನ್ನು ಖಾಲಾ ಅವರ ಅಂಗಳದಲ್ಲಿ ಕೂಡಿಸಿದರು. ಲೆಕ್ಕ ನನ್ನದು ತಪ್ಪಿದೆ, ಈ ಇದ್ದಿಲು ವರ್ಷ ಬಾಳುವುದಿಲ್ಲ, ಇಷ್ಟು ದಿನ ನೀವು ಕುಡಿದದ್ದು ಹೆಚ್ಚುಕಡಿಮೆ ಬೋರಿನ ನೀರೇ ಎಂದು ನಿಂತುಕೊಂಡೇ ಹೇಳಿದರು. ಕ್ಯಾನಿನ ಮಾತು ಎತ್ತಲಿಲ್ಲ. ಕೊನೆಯ ಮನೆಯ ಗಂಡಸೊಬ್ಬ ಎದ್ದು, “ಇಷ್ಟ್ ಕಲ್ತವರೇ ಲೆಕ್ಕ ತಪ್ಪಿದ್ರ ನಾವು ಯಾರ ಬಲ್ಲಿ ಹೋಗಬೇಕ್ರಿ?” ಎಂದ. ಸರ್, “ಖರೆ ಅದರಿ” ಎಂದರು. ಖಾಲಾ ಆ ಮನುಷ್ಯನಿಗೆ, “ಸುಮ್ಮ ಕೂಡೋ. ತಪ್ಪಾಗ್ಯಾದಂತ ಮನಿ ತನಕ ಬಂದು ಯಾರು ಹೇಳ್ತಾರ?” ಎಂದು ಗದರಿದರು.

ಓಣಿಯ ತಿರುವಿಗೆ ಬಂದಾಗ ಸರ್ ನಿಂತರು. “ಕ್ಯಾನಿಂದ ಏನಾತು ಅನ್ನೋದು ಖಾಲಾನ ಕಿವಿಗಿ ಬೀಳಬಾರದು, ತಂಗಿ. ಆಕಿ ಕೊಟ್ಟ ನೀರಿನಿಂದ ನಮ್ಮ ಲೆಕ್ಕ ಕೆಡ್ತು ಅಂತ ತಿಳೀತಂದ್ರ, ಮೊಮ್ಮಕ್ಕಳಿಗಿ ನಾನ ವಿಷ ಕುಡಿಸ್ದೆ ಅಂದ್ಕೋತಾಳ. ಆಕಿ ಮಾಡಿದ್ದು ತಪ್ಪಲ್ಲ. ಮ್ಯಾಲಿನ ಗಡಿಗಿಂದ ತೊಟ್ಟಿಕ್ಕೋ ನೀರನ್ನ ಹಿಡೀಬೇಕಾಗಿದ್ದು ನಾನು” ಎಂದರು.

ಪ್ರಬಂಧ ಹಿಂಪಡೆಯುವುದಾಗಿ ಪತ್ರಿಕೆಗೆ ಬರೆದರು. ಕಾರಣ ಒಂದೇ ಸಾಲು: ಮಾದರಿ ಸಂಗ್ರಹದಲ್ಲಿ ಲೇಖಕನ ತಪ್ಪು. ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಅಷ್ಟು ದಿನ ಸುಮ್ಮನಿದ್ದುಬಿಡಿ, ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ಗೆಳೆಯ ಪ್ರಾಧ್ಯಾಪಕರೊಬ್ಬರು ಸ್ಟಾಫ್ ರೂಮಿನಲ್ಲಿ ನನ್ನೆದುರಿಗೇ ಹೇಳಿದರು. “ನೋಡೋರು ಇಲ್ಲರಿ. ಕುಡಿಯೋರು ಅದಾರಲ್ಲ” ಎಂದು ಸರ್ ಲಕೋಟೆಗೆ ಅಂಟು ಹಚ್ಚಿದರು. ಈ ಕಾಲದಲ್ಲೂ ಅಂಥ ಕಾಗದವನ್ನು ಇ-ಮೇಲ್ ಕಳಿಸಿದ ಮೇಲೆ ಅಂಚೆಗೂ ಹಾಕುವ ಅಭ್ಯಾಸ ಅವರದು. ಹೊಸ ಯೋಜನೆ ನಿಂತಿತು. ನನ್ನ ಅಧ್ಯಾಯ ಹೋಯಿತು. ಪದವಿ ಎರಡು ವರ್ಷ ತಡವಾಯಿತು.

ಆಮೇಲೆ ಅರ್ಧ ವರ್ಷ ಮತ್ತೆ ಅದೇ ಎಂಟು ಮನೆ, ಹೊಸ ಇದ್ದಿಲು. ಈ ಸಲ ವಾರಕ್ಕೊಮ್ಮೆ ಹೋಗುತ್ತಿದ್ದೆವು. ಮೇಲಿನ ಗಡಿಗೆಯಿಂದ ತೊಟ್ಟಿಕ್ಕುವ ನೀರನ್ನೇ ನೇರವಾಗಿ ಬಾಟಲಿಗೆ ಹಿಡಿಯುವುದು. ಬಾಟಲಿ ತುಂಬಲು ಮನೆಯೊಂದಕ್ಕೆ ಹೆಚ್ಚುಕಡಿಮೆ ಒಂದು ತಾಸು. ಯಾಕೆ ಹೀಗೆ ಎಂದು ಖಾಲಾ ಕೇಳಿದಾಗ, ಬಿಸಿಲಿನಿಂದ ಬಂದ ಮೇಲೆ ನೆರಳಲ್ಲಿ ಒಂದು ತಾಸು ಕೂರಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದರು ಸರ್. ಖಾಲಾ ನಂಬಿದರು. ಚಹಾ, ತಟ್ಟೆಯಲ್ಲಿ ಮಂಡಕ್ಕಿಯ ಸುಸಲಾ, ಒರಗಿಕೊಳ್ಳಲು ದಿಂಬು. ಕ್ಯಾನಿನ ನೀರೂ ತಪ್ಪದೆ ಬರುತ್ತಿತ್ತು, ಈಗ ಪ್ರತ್ಯೇಕ ತಂಬಿಗೆಯಲ್ಲಿ. ಸರ್ ಅದನ್ನೂ ಕುಡಿಯುತ್ತಿದ್ದರು, ತೊಟ್ಟಿಕ್ಕಿದ್ದನ್ನೂ ಕುಡಿಯುತ್ತಿದ್ದರು. ತಗ್ಗು ಮಣೆಯ ಮೇಲೆ ಮಂಡಿ ಹಿಡಿದು ಕೂತು, ತೊಟ್ಟು ಬೀಳುವುದನ್ನು ನೋಡುತ್ತಿದ್ದ ಆ ದಣಿದ ಬೆನ್ನೇ ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು.

ಏಳು ವಾರ. ನಿಜವಾಗಿ ಆ ಇದ್ದಿಲು ಕೆಲಸ ಮಾಡುವುದು ಅಷ್ಟೇ ಎಂದು ಗೊತ್ತಾಯಿತು. ಅಂಕಿ ಹೇಳಿದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಬೇಳಿ ಮಿಲ್ಲಿಗಿಂತ ಸುಧಾರಣಿ ಅದ” ಎಂದರು. ಅದನ್ನೂ ಬರೆದು ಒಂದು ಸಣ್ಣ ಪತ್ರಿಕೆಗೆ ಕಳಿಸಿದರು. ಅಚ್ಚಾಯಿತು. ಯಾರೂ ಅದರ ಮಾತೆತ್ತಿದ್ದು ನಾನು ಕೇಳಿಲ್ಲ. ನಿವೃತ್ತಿಯ ತನಕ ಆರು ವಾರಕ್ಕೊಮ್ಮೆ ಇಬ್ಬರೂ ಹೋಗಿ ಎಂಟು ಮನೆಯ ಇದ್ದಿಲು ಬದಲಿಸಿ ಬರುತ್ತಿದ್ದೆವು. ನಿವೃತ್ತಿಯಾದ ಮೇಲೆ ಅವರ ಮಂಡಿ ಪೂರ್ತಿ ಕೈಕೊಟ್ಟಿತು, ಕೆಲಸ ನಿಂತಿತು. ಈಗ ಆ ಊರಿಗೆ ನದಿ ನೀರಿನ ನಳ ಬಂದಿದೆ. ಅದು ಬಾರದ ವಾರ ಮತ್ತೆ ಬೋರು.

ನಾನೀಗ ಜೇವರ್ಗಿಯಲ್ಲಿ ನೀರು ಪರೀಕ್ಷಿಸುವ ಕಚೇರಿಯೊಂದರಲ್ಲಿದ್ದೇನೆ. ಹೋದ ವಾರ ಬೋರಿನ ಮಾದರಿಗೆಂದು ಅದೇ ಊರಿಗೆ ಹೋಗಬೇಕಾಯಿತು. ಖಾಲಾ ಅಂಗಳದಲ್ಲಿ ಕೂತಿದ್ದರು. ಮೇಲಿನ ಗಡಿಗೆಯಲ್ಲಿ ಮಣ್ಣು ತುಂಬಿ ಪುದೀನ ಹಚ್ಚಿದ್ದರು. ಸರ್ ಹೋದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಸೆರಗು ತಲೆಗೆ ಎಳೆದುಕೊಂಡು, ಕೈ ಎತ್ತಿ ದುವಾ ಮಾಡಿದರು.

“ಲೆಕ್ಕ ತಪ್ಪಿತ್ತಂತ ಎಷ್ಟು ಸಣ್ಣ ಆಗಿದ್ರು ಪಾಪ,” ಎಂದರು ಆಮೇಲೆ. “ಖರೆ ಹೇಳ್ತೇನಿ ಬೇಟಿ, ಅವರ ಲೆಕ್ಕ ನಂಗ ತಿಳಿಯಂಗಿಲ್ಲ. ನಂದೊಂದು ಸಮಾಧಾನ ಅದ. ನನ್ನ ಕೈಲಿಂದ ಅವರಿಗಿ ಕೆಟ್ಟ ನೀರು ಒಂದು ಗುಟುಕೂ ಹೋಗಿಲ್ಲ.”

“ಹೌದ್ರಿ ಖಾಲಾ” ಎಂದೆ.

ಅವರು ಒಳಗೆ ಹೋಗಿ ಕ್ಯಾನ್ ಬಗ್ಗಿಸಿ ನನಗೂ ಒಂದು ಲೋಟ ತುಂಬಿ ತಂದರು. ಕುಡಿದೆ. ಲೋಟ ಕೆಳಗಿಟ್ಟು, ಚೀಲದಿಂದ ಬಾಟಲಿ ತೆಗೆದುಕೊಂಡು ಓಣಿಯಾಚೆಯ ಬೋರಿನ ತನಕ ನಡೆದುಹೋಗಿ, ಅದನ್ನು ಮೂರು ಸಲ ತೊಳೆದೆ.